ಜುಪಿಟರ್ ನೋಟ್‌ಬುಕ್: ಎಕ್ಸೆಲ್ ಗಿರಾಕಿಯೊಬ್ಬನ ರಿವ್ಯೂ

ನಾನು ಕೋಡಿಂಗ್ ಕಲಿತವನಲ್ಲ, ವರ್ಷಾನುಗಟ್ಟಲೆ ಎಕ್ಸೆಲ್‌ನಲ್ಲೇ ಜೀವನ ತೆಗೆದವನು. ಒಂದು ದೊಡ್ಡ ಫೈಲ್ ಓಪನ್ ಮಾಡೋಕೆ ಹೋದಾಗ್ಲೆಲ್ಲಾ ಎಕ್ಸೆಲ್ ಹ್ಯಾಂಗ್ ಆಗಿ ಆಗಿ ತಲೆ ಕೆಟ್ಟೋಗಿ ಜುಪಿಟರ್ ನೋಟ್‌ಬುಕ್, ಅಂದ್ರೆ ಬ್ರೌಸರ್‌ನಲ್ಲೇ ಕೋಡ್ ಬರ್ದು ಅಲ್ಲೇ ಉತ್ತರ ನೋಡೋ ಸಾಫ್ಟ್‌ವೇರ್, ಹಾಕ್ಕೊಂಡೆ, ಈಗ ಒಂದು ವರ್ಷ ಆಯ್ತು. ಶುರು ಮಾಡೋರಿಗೆ ಇದಕ್ಕಿಂತ ಒಳ್ಳೇದು ನಂಗಂತೂ ಸಿಕ್ಕಿಲ್ಲ, ಆದ್ರೆ ಒಂದು ವಿಷಯದಲ್ಲಿ ಮಾತ್ರ ಇದು ಚೆನ್ನಾಗಿ ಆಟ ಆಡ್ಸುತ್ತೆ, ಅದನ್ನ ಆಮೇಲೆ ಹೇಳ್ತೀನಿ.

ಹಾಕ್ಕೊಳ್ಳೋದು ಕಷ್ಟ ಇಲ್ಲ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಂಪ್ಯೂಟರ್‌ನಲ್ಲಿ ಇದ್ರೆ ಟರ್ಮಿನಲ್‌ನಲ್ಲಿ, ಅಂದ್ರೆ ಕಮಾಂಡ್ ಹೊಡೆಯೋ ವಿಂಡೋನಲ್ಲಿ, ಪಿಪ್ ಇನ್‌ಸ್ಟಾಲ್ ನೋಟ್‌ಬುಕ್ ಅಂತ ಹೊಡೀರಿ, ಮುಗಿದ್ಮೇಲೆ ಜುಪಿಟರ್ ನೋಟ್‌ಬುಕ್ ಅಂತ ಹೊಡೀರಿ, ಅದೇ ಬ್ರೌಸರ್‌ನಲ್ಲಿ ತೆರ್ಕೊಳ್ಳುತ್ತೆ. ಅಡ್ರೆಸ್ ಬಾರ್‌ನಲ್ಲಿ ಲೋಕಲ್‌ಹೋಸ್ಟ್ 8888 ಅಂತ ಕಾಣುತ್ತೆ, ನೋಡಿ ಗಾಬರಿ ಆಗ್ಬೇಡಿ, ಡೇಟಾ ಎಲ್ಲೂ ಹೋಗಿಲ್ಲ, ನಿಮ್ ಕಂಪ್ಯೂಟರ್‌ನಲ್ಲೇ ಇದೆ, ಬ್ರೌಸರ್ ಬರೀ ಮುಖ ಅಷ್ಟೇ. ಹಿಂದೆ ಕೂತಿರೋ ಆ ಕಪ್ಪು ಟರ್ಮಿನಲ್ ವಿಂಡೋನ ಮಾತ್ರ ಕ್ಲೋಸ್ ಮಾಡ್ಬೇಡಿ. ನಾನು ಮೊದಲ್ನೇ ದಿನ ಇದ್ಯಾಕೆ ಸುಮ್ನೆ ಅಂತ ಮುಚ್ಚಿ, ಏನೂ ರನ್ ಆಗ್ತಿಲ್ಲ ಅಂತ ಅರ್ಧ ಗಂಟೆ ಒದ್ದಾಡಿದೀನಿ.

ದುಡ್ಡು ಕೊಡ್ಬೇಕಾಗಿಲ್ಲ, ಓಪನ್ ಸೋರ್ಸ್. ಫರ್ನಾಂಡೊ ಪೆರೆಜ್ ಅನ್ನೋರು 2001ರಲ್ಲಿ ಶುರು ಮಾಡಿದ ಐಪೈಥಾನ್ ಅನ್ನೋ ಪ್ರಾಜೆಕ್ಟ್‌ನಿಂದ 2014ರಲ್ಲಿ ಕವಲೊಡೆದು ಬಂದಿದ್ದು ಈ ಜುಪಿಟರ್. ಜೂಲಿಯಾ, ಪೈಥಾನ್, ಆರ್ ಅಂತ ಮೂರು ಭಾಷೆ ಸೇರ್ಸಿ ಇಟ್ಟ ಹೆಸ್ರು, ನಾನು ಗುರು ಗ್ರಹ ಅಂದ್ಕೊಂಡಿದ್ದೆ.

ಒಳಗಡೆ ಸೆಲ್ ಅಂತ ಡಬ್ಬಿಗಳಿರುತ್ವೆ. ಒಂದರಲ್ಲಿ ನಾಕು ಸಾಲು ಕೋಡ್ ಬರ್ದು ಶಿಫ್ಟ್ ಎಂಟರ್ ಒತ್ತಿದ್ರೆ ಉತ್ತರ ಅದ್ರ ಕೆಳಗೇ ಬರುತ್ತೆ, ಇಷ್ಟೇ ವಿಷಯ, ಆದ್ರೆ ಇಷ್ಟರಲ್ಲೇ ಎಲ್ಲಾ ಇದೆ. ಪಾಂಡಾಸ್‌ನಲ್ಲಿ (ಟೇಬಲ್ ಡೇಟಾಗೆ ಅಂತ ಇರೋ ಪೈಥಾನ್ ಲೈಬ್ರರಿ) ಸಿಎಸ್‌ವಿ, ಅಂದ್ರೆ ಕಾಮಾ ಹಾಕಿ ಕಾಲಂ ಬೇರೆ ಮಾಡಿರೋ ಫೈಲ್, ಓದಿಸ್ತೀರಿ, ಮುಂದಿನ ಸೆಲ್‌ನಲ್ಲಿ ಹೆಡ್ ಅಂತ ಹಾಕಿದ್ರೆ ಮೊದಲ 5 ಸಾಲು ನೀಟಾಗಿ ಟೇಬಲ್ ಆಗಿ ಬರುತ್ತೆ. ಒಂದ್ಸಲ ಹಣದ ಕಾಲಂ ಟೋಟಲ್ ಹಾಕಿದ್ರೆ ಒಂದು ಸಂಖ್ಯೆ ಬರೋದು ಬಿಟ್ಟು ಮೈಲುದ್ದ ಅಂಕಿಗಳ ಸರಮಾಲೆ ಬಂತು. ನೋಡಿದ್ರೆ ಮೂಲ ಫೈಲ್‌ನಲ್ಲಿ ಅಂಕಿಗಳ ಮಧ್ಯ ಕಾಮಾ ಇತ್ತು, ಪಾಂಡಾಸ್ ಅದನ್ನ ಅಕ್ಷರ ಅಂದ್ಕೊಂಡು ಕೂಡೋ ಬದ್ಲು ಒಂದರ ಹಿಂದೆ ಒಂದು ಅಂಟಿಸ್ತಾ ಹೋಗಿದೆ! ಫೈಲ್ ಓದಿಸೋ ಸಾಲಿಗೆ ಥೌಸಂಡ್ಸ್ ಅಂತ ಒಂದು ಮಾತು ಸೇರ್ಸಿದ್ಮೇಲೆ ಸರಿ ಹೋಯ್ತು. ತಪ್ಪು ಕಣ್ಣೆದುರಿಗೇ ಬಂದು ನಿಲ್ಲುತ್ತಲ್ಲ, ಕಲಿಯೋರಿಗೆ ಬೇಕಿರೋದು ಅದೇ. ಗ್ರಾಫ್ ಕೂಡ ಸೆಲ್ ಕೆಳಗೇ ಬರುತ್ತೆ, ಮಧ್ಯ ಮಧ್ಯ ಮಾರ್ಕ್‌ಡೌನ್ ಸೆಲ್ (ಕೋಡ್ ಅಲ್ಲ, ಬರೀ ಬರಹಕ್ಕೆ) ಹಾಕಿ ಇದನ್ನ ಯಾಕೆ ಮಾಡ್ದೆ ಅಂತ ಬರ್ದಿಟ್ಕೋಬೋದು, ಮೂರು ತಿಂಗಳ ನಂತ್ರ ನಮ್ಮ ಕೋಡ್ ನಮಗೇ ಅರ್ಥ ಆಗಲ್ಲ ನೋಡಿ.

ಈಗ ಆ ಆಟದ ವಿಷಯ. ಪೇಜ್ ಮೇಲೆ ಕಾಣೋದೇ ಬೇರೆ, ಮೆಮೊರಿಯಲ್ಲಿ ಇರೋದೇ ಬೇರೆ. ಕೋಡ್ ನಡ್ಸೋದು ಕರ್ನಲ್ ಅಂತ ಹಿಂದೆ ಕೂತಿರೋ ಇನ್ನೊಬ್ಬ, ಅವ್ನಿಗೆ ನೀವು ಮೇಲಿಂದ ಕೆಳಗೆ ಬರ್ದಿದೀರಾ ಅನ್ನೋದು ಲೆಕ್ಕಕ್ಕಿಲ್ಲ, ಯಾವ ಸೆಲ್ ಯಾವಾಗ ಒತ್ತಿದ್ರಿ ಅನ್ನೋದೇ ಲೆಕ್ಕ. ಹಣದ ಕಾಲಂನ 1000ದಿಂದ ಭಾಗಿಸಿ ಅದೇ ಕಾಲಂಗೆ ವಾಪಸ್ ಹಾಕೋ ಸೆಲ್ ಒಂದಿತ್ತು, ಯಾವ್ದೋ ಜ್ಞಾನದಲ್ಲಿ ಎರಡು ಸಲ ಒತ್ಬಿಟ್ಟೆ. ಎರರ್ ಇಲ್ಲ, ಏನಿಲ್ಲ, ಲಕ್ಷ ಇದ್ದಿದ್ದು ಸೊನ್ನೆ ಪಾಯಿಂಟ್ ಒಂದು ಆಗಿ ಕೂತಿದೆ, ಗ್ರಾಫ್ ಆಕಾರ ಮಾತ್ರ ಸ್ವಲ್ಪಾನೂ ಬದ್ಲಾಗಿಲ್ಲ, ಹಂಗಾಗಿ ಡೌಟೇ ಬರ್ಲಿಲ್ಲ. ರಿಪೋರ್ಟ್ ಕಳ್ಸೋ ಹೊತ್ತಿಗೆ ಪಕ್ಕದಲ್ಲಿರೋ ಅಂಕಿ ನೋಡಿ ಎದೆ ಧಸಕ್ ಅಂತು. ಇನ್ನೊಂದು, ಸೆಲ್ ಡಿಲೀಟ್ ಮಾಡಿದ್ರೂ ಅದ್ರಲ್ಲಿ ಹುಟ್ಟಿದ ವೇರಿಯಬಲ್, ಅಂದ್ರೆ ಹೆಸ್ರು ಕೊಟ್ಟು ಇಟ್ಟ ಡೇಟಾ, ಸಾಯಲ್ಲ, ದೆವ್ವದ ಥರ ಅಲ್ಲೇ ಇರುತ್ತೆ, ಇವತ್ತು ಎಲ್ಲಾ ಸರಿಯಾಗಿ ನಡ್ದಿದ್ದು ನಾಳೆ ಕರ್ನಲ್ ಹೊಸದಾಗಿ ಶುರು ಆದಾಗ ಅಂಥ ಹೆಸ್ರೇ ಇಲ್ಲ ಅನ್ನುತ್ತೆ.

ಸೆಲ್ ಎಡಕ್ಕೆ ಚೌಕ ಬ್ರಾಕೆಟ್‌ನಲ್ಲಿ ಒಂದು ನಂಬರ್ ಇರುತ್ತೆ, ಅದನ್ನ ನೋಡೋ ಅಭ್ಯಾಸ ಮಾಡ್ಕೊಳ್ಳಿ, ಒತ್ತಿದ ಕ್ರಮ ಅದು. ಮೇಲಿಂದ 1, 2, 3 ಅಂತ ಇದ್ರೆ ಸರಿ, 7 ಆದ್ಮೇಲೆ 3 ಇದ್ರೆ ಹುಷಾರು. ನಕ್ಷತ್ರ ಚಿಹ್ನೆ ಇದ್ರೆ ಇನ್ನೂ ಓಡ್ತಿದೆ ಇಲ್ಲಾ ಸರದಿಯಲ್ಲಿ ಕಾಯ್ತಿದೆ ಅಂತ, ಸುಮ್ನೆ ಮತ್ತೆ ಮತ್ತೆ ಒತ್ಬೇಡಿ. ನಾನೀಗ ಯಾರಿಗೇ ಕಳ್ಸೋ ಮುಂಚೆ ಕರ್ನಲ್ ಮೆನುನಲ್ಲಿ ಕರ್ನಲ್ ರೀಸ್ಟಾರ್ಟ್ ಮಾಡಿ ಎಲ್ಲಾ ಸೆಲ್ ಮೊದಲಿಂದ ರನ್ ಮಾಡೋ ಆಪ್ಷನ್ ಒತ್ತೇ ಒತ್ತೀನಿ, ಆಗ ನಡೀಲಿಲ್ಲ ಅಂದ್ರೆ ಅದು ಕೆಲಸ ಮಾಡೋ ನೋಟ್‌ಬುಕ್ಕೇ ಅಲ್ಲ.

ಗಿಟ್‌ನಲ್ಲಿ (ಫೈಲ್‌ನ ಹಳೇ ಹೊಸ ಆವೃತ್ತಿಗಳನ್ನ ಕಾಪಾಡೋ ಸಾಫ್ಟ್‌ವೇರ್) ಇಡೋರಿಗೆ ಇನ್ನೊಂದು ತಲೆನೋವು: ಫೈಲ್ ಒಳಗೆ ಇರೋದು ಜೇಸನ್ ಅನ್ನೋ ಡೇಟಾ ಫಾರ್ಮ್ಯಾಟ್, ಔಟ್‌ಪುಟ್ಟೂ ಅದ್ರಲ್ಲೇ ಸೇವ್ ಆಗುತ್ತೆ, ಹಂಗಾಗಿ ಒಂದಕ್ಷರ ಬದ್ಲಾಯ್ಸಿದ್ರೂ ಡಿಫ್‌ನಲ್ಲಿ, ಅಂದ್ರೆ ಏನೇನು ಬದ್ಲಾಯ್ತು ಅಂತ ತೋರ್ಸೋ ಪಟ್ಟಿಯಲ್ಲಿ, ಊರುದ್ದ ಕಾಣುತ್ತೆ. ಔಟ್‌ಪುಟ್ ಕ್ಲಿಯರ್ ಮಾಡಿ ಆಮೇಲೆ ಕಮಿಟ್ ಮಾಡಿ, ಅಂದ್ರೆ ಗಿಟ್‌ಗೆ ಸೇರ್ಸಿ.

ಶಾರ್ಟ್‌ಕಟ್‌ನಲ್ಲಿ ಎಸ್ಕೇಪ್ ಒತ್ತಿ ಎ ಅಂದ್ರೆ ಮೇಲೊಂದು ಸೆಲ್, ಬಿ ಅಂದ್ರೆ ಕೆಳಗೊಂದು, ಡಿ ಎರಡು ಸಲ ಒತ್ತಿದ್ರೆ ಡಿಲೀಟ್. ಅಪ್ಪಿತಪ್ಪಿ ಡಿಲೀಟ್ ಆದ್ರೆ ಅಳ್ಬೇಡಿ, ಝಡ್ ಒತ್ತಿ, ವಾಪಸ್ ಬರುತ್ತೆ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಆ ಅರ್ಧ ಕಟ್ ಮಾಡಿದ್ದು ಆ 1000ದ ಲೆಕ್ಕಕ್ಕೆ, ತಪ್ಪು ನಂದೇ ಆದ್ರೂನೂ.