ಚಾಕೊಲೇಟ್ ಪೀನಟ್ ಬಟರ್ ಡಂಪ್ ಕೇಕ್: ಒಣಪುಡಿ ಉದುರಿಸೋದಾ, ಪುಡ್ಡಿಂಗ್ ಕಲಸೋದಾ, ವಿನೆಗರ್ ಹಾಕೋದಾ?

ಮೊಟ್ಟೆ ಬೇಡ, ಬೀಟರ್ ಬೇಡ, ತೊಳೆಯೋ ಪಾತ್ರೆ ಕಡಿಮೆ ಇರಬೇಕು, ಆದರೂ ತಿಂದವರು ಇನ್ನೊಂದು ತುಂಡು ಕೇಳಬೇಕು. ಡಂಪ್ ಕೇಕ್, ಅಂದರೆ ಎಲ್ಲವನ್ನೂ ಪ್ಯಾನ್‌ಗೆ ಸುರಿದು ಬೇಯಿಸೋ ಕೇಕ್, ಅದರ ಹತ್ತಿರ ನನಗೆ ಇರೋ ನಿರೀಕ್ಷೆ ಇಷ್ಟೇ. ಚಾಕೊಲೇಟು ಮತ್ತು ಪೀನಟ್ ಬಟರ್ ಸೇರಿಸಿ ಇದನ್ನು ಮಾಡಲು ಮೂರು ದಾರಿಗಳಿವೆ. ಮೂರನ್ನೂ ನ್ಯೂಜೆರ್ಸಿಯ ನಮ್ಮ ಮನೆಯ ಓವನ್‌ನಲ್ಲಿ, 9 ಇಂಚು ಅಗಲ 13 ಇಂಚು ಉದ್ದದ ಅದೇ ಪ್ಯಾನ್‌ನಲ್ಲಿ, 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಮಾಡಿ ನೋಡಿದ್ದೇನೆ. ಸೆಲ್ಸಿಯಸ್ ಲೆಕ್ಕದಲ್ಲಿ ಅದು ಸುಮಾರು 175.

ಮೂರರ ನಡುವಿನ ವ್ಯತ್ಯಾಸವೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ: ಹಿಟ್ಟು ನೆನೆಯಲು ನೀರು ಎಲ್ಲಿಂದ ಬರಬೇಕು? ಅಮೆರಿಕದ ಮನೆಗಳಲ್ಲಿ ಮಾಡೋ ಹಳೆ ಡಂಪ್ ಕೇಕ್‌ನಲ್ಲಿ ಈ ತಲೆಬಿಸಿ ಇಲ್ಲ. ಚೆರ್ರಿ ಪೈ ಫಿಲ್ಲಿಂಗ್, ಡಬ್ಬದ ಅನಾನಸ್ ಚೂರು ಪ್ಯಾನ್‌ಗೆ ಸುರಿದು, ಮೇಲೆ ಹಳದಿ ಕೇಕ್ ಮಿಕ್ಸ್, ಅಂದರೆ ಡಬ್ಬದಲ್ಲಿ ಸಿಗೋ ಸಿದ್ಧ ಕೇಕ್ ಪುಡಿ, ಉದುರಿಸಿ, ಬೆಣ್ಣೆ ಹಾಕಿ ಓವನ್‌ಗೆ ತಳ್ಳುತ್ತಾರೆ. ಹಣ್ಣಿನ ರಸ ಕೆಳಗಿನಿಂದ ಕುದ್ದು ಮೇಲಿನ ಪುಡಿಯನ್ನು ನೆನೆಸುತ್ತದೆ. ಪೀನಟ್ ಬಟರ್‌ನಲ್ಲಿ ಆ ರಸ ಎಲ್ಲಿದೆ? ಅದರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಎಣ್ಣೆ, ನೀರು ಇಲ್ಲವೇ ಇಲ್ಲ ಅನ್ನಬಹುದು.

ಹಾಗಾಗಿ ಮೊದಲನೇ ದಾರಿ, ಅಂದರೆ ಒಣ ಕೇಕ್ ಮಿಕ್ಸನ್ನು ಹಾಗೇ ಮೇಲೆ ಉದುರಿಸಿ ಕರಗಿಸಿದ ಬೆಣ್ಣೆ ಸುರಿಯೋದು, ಈ ಜೋಡಿಗೆ ಒಗ್ಗುವುದಿಲ್ಲ ಅಂತ ಖಂಡಿತವಾಗಿ ಹೇಳುತ್ತೇನೆ. ಕೆಳಗೆ ಹಾಲಿನಲ್ಲಿ ಕದಡಿದ ಪುಡ್ಡಿಂಗ್, ಅದರ ಮೇಲೆ ಅಲ್ಲಲ್ಲಿ ಪೀನಟ್ ಬಟರ್, ಮೇಲೆ ಪುಡಿ, ಆಮೇಲೆ ಒಂದು ಸ್ಟಿಕ್ ಬೆಣ್ಣೆ, ಅಂದರೆ 113 ಗ್ರಾಂ. ಬೆಣ್ಣೆ ಬಿದ್ದ ಕಡೆ ಬಿಸ್ಕತ್ತಿನ ತರಹ ಗರಿಗರಿ ಪದರ ಬರುತ್ತದೆ, ಅದೇನೋ ಚೆನ್ನಾಗಿಯೇ ಇರುತ್ತದೆ. ಬೀಳದ ಕಡೆ ಪುಡಿ ಪುಡಿಯಾಗಿಯೇ ಉಳಿಯುತ್ತದೆ. ಬೆಣ್ಣೆ ಎರಡು ಸ್ಟಿಕ್‌ಗೆ ಏರಿಸಿದರೆ ಒಣ ಜಾಗ ಕಡಿಮೆಯಾಗುತ್ತದೆ, ಆದರೆ ಪೀನಟ್ ಬಟರ್‌ನ ಎಣ್ಣೆಯೂ ಸೇರಿ ಅಂಚಿನಲ್ಲೆಲ್ಲ ಜಿಡ್ಡು ನಿಲ್ಲುತ್ತದೆ. ಇದು ಬರೀ ರುಚಿಯ ಮಾತಲ್ಲ. ಹಸಿ ಹಿಟ್ಟು, ಬೇಯಿಸದ ಕೇಕ್ ಮಿಕ್ಸ್ ತಿನ್ನಬೇಡಿ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸುತ್ತಲೇ ಇರುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಇರಬಹುದು ಅಂತ. ಮಕ್ಕಳ ತಟ್ಟೆಗೆ ಅಂಥ ಒಣ ಜಾಗ ಹೋಗೋದು ನನಗೆ ಸುತರಾಂ ಇಷ್ಟವಿಲ್ಲ.

ಎರಡನೇ ದಾರಿ ಪುಡ್ಡಿಂಗ್‌ದು. ನಾನು ಜಾಸ್ತಿ ಮಾಡೋದು ಇದನ್ನೇ. 3.9 ಔನ್ಸಿನ ಇನ್‌ಸ್ಟಂಟ್ ಚಾಕೊಲೇಟ್ ಪುಡ್ಡಿಂಗ್ ಪೊಟ್ಟಣವನ್ನು ಒಂದೂವರೆ ಕಪ್ ತಣ್ಣನೆ ಹಾಲಿಗೆ ಹಾಕಿ ಎರಡು ನಿಮಿಷ ವಿಸ್ಕ್‌ನಲ್ಲಿ ಕದಡಿ. ಮೊದಲು ನೀರಾಗಿಯೇ ಇರುತ್ತದೆ, ಇದೇನು ಗಟ್ಟಿಯಾಗುತ್ತಾ ಅಂತ ಅನುಮಾನ ಬರುವ ಹೊತ್ತಿಗೆ ವಿಸ್ಕ್ ಓಡಿದ ಗೆರೆ ಮುಚ್ಚದೆ ಹಾಗೇ ನಿಲ್ಲತೊಡಗುತ್ತದೆ. ಆಗ ಒಂದು ಡಬ್ಬ ಚಾಕೊಲೇಟ್ ಕೇಕ್ ಮಿಕ್ಸ್ ಸುರಿದು ಚಮಚದಲ್ಲಿ ಕಲಸಿ. ಇಡ್ಲಿ ಹಿಟ್ಟಿಗಿಂತ ಗಟ್ಟಿ, ವಡೆ ಹಿಟ್ಟಿಗಿಂತ ಸಡಿಲ, ಆ ಹದಕ್ಕೆ ಬಂದರೆ ಸರಿ. ಸಣ್ಣಪುಟ್ಟ ಗಂಟು ಇದ್ದರೆ ಇರಲಿ. ಪ್ಯಾನ್‌ಗೆ ಬೆಣ್ಣೆ ಸವರಿ ಇದನ್ನು ಹರಡಿ, ಮೇಲೆ ಒಂದು ಕಪ್ ಚಾಕೊಲೇಟ್ ಚಿಪ್ಸ್. 30 ರಿಂದ 35 ನಿಮಿಷ.

ಇಲ್ಲಿ ಒಂದು ಮಾತು. ಮೊದಲು ಕೇಕ್ ಮಿಕ್ಸ್ ಡಬ್ಬ ಅಂದರೆ 18.25 ಔನ್ಸ್ ಇರುತ್ತಿತ್ತು. ಆಮೇಲೆ 15.25 ಆಯಿತು, ಈಗ ಕೆಲವು 13.25 ಔನ್ಸಿಗೂ ಇಳಿದಿವೆ. ಹಳೆ ರೆಸಿಪಿಯಲ್ಲಿ ಎರಡು ಕಪ್ ಹಾಲು ಅಂತ ಇದ್ದರೆ ಅದು ದೊಡ್ಡ ಡಬ್ಬದ ಲೆಕ್ಕ ಇರಬಹುದು. ನಾನು ಹೇಳಿದ ಒಂದೂವರೆ ಕಪ್ 15.25 ಔನ್ಸಿಗೆ. ಸಣ್ಣ ಡಬ್ಬಕ್ಕೆ ಒಂದೂಕಾಲು ಕಪ್ ಸಾಕು, ಇಲ್ಲದಿದ್ದರೆ ನಡುವೆ ಬೇಯದೆ ಲೊಳಲೊಳ ಅನ್ನುತ್ತದೆ. ಡಬ್ಬದ ಮೂಲೆಯಲ್ಲಿ ತೂಕ ಬರೆದಿರುತ್ತದೆ, ಒಮ್ಮೆ ನೋಡಿಕೊಳ್ಳಿ.

ಪೊಟ್ಟಣದ ಮೇಲೆ ‘ಇನ್‌ಸ್ಟಂಟ್’ ಅಂತಲೇ ಇರಬೇಕು. ಅದರಲ್ಲಿರೋ ಪಿಷ್ಟವನ್ನು ಮೊದಲೇ ಸಂಸ್ಕರಿಸಿರುತ್ತಾರೆ, ಜೊತೆಗೆ ಫಾಸ್ಫೇಟ್ ಲವಣಗಳೂ ಇರುತ್ತವೆ. ಅವು ಹಾಲಿನ ಪ್ರೋಟೀನ್ ಜೊತೆ ಸೇರಿ ಒಲೆಯಿಲ್ಲದೆಯೇ ಗಟ್ಟಿಯಾಗಿಸುತ್ತವೆ. ಬಾದಾಮಿ ಹಾಲು, ಓಟ್ಸ್ ಹಾಲಿನಲ್ಲಿ ಇದು ಸರಿಯಾಗಿ ಕೂರುವುದಿಲ್ಲ. ಊರಲ್ಲಿರೋ ಅಕ್ಕ ಕಸ್ಟರ್ಡ್ ಪೌಡರ್ ಹಾಕಿದರೆ ಆಗಲ್ವಾ ಅಂತ ಕೇಳುತ್ತಾಳೆ. ಆಗಲ್ಲ. ಅದು ಮುಖ್ಯವಾಗಿ ಕಾರ್ನ್‌ಫ್ಲೋರ್, ಒಲೆಯ ಮೇಲೆ ಕುದಿಸಿದರೆ ಮಾತ್ರ ಗಟ್ಟಿಯಾಗುತ್ತದೆ. ತಣ್ಣನೆ ಹಾಲಿಗೆ ಹಾಕಿದರೆ ಸುಮ್ನೆ ತಳ ಹಿಡಿದು ಕೂರುತ್ತದೆ.

ಅಕ್ಕನಂಥವರಿಗೆ ಇರೋದು ಮೂರನೇ ದಾರಿ. ಡಬ್ಬವೂ ಬೇಡ, ಪೊಟ್ಟಣವೂ ಬೇಡ. ಇಲ್ಲಿ ಇದಕ್ಕೆ ವ್ಯಾಕಿ ಕೇಕ್ ಅನ್ನುತ್ತಾರೆ, ಡಿಪ್ರೆಷನ್ ಕೇಕ್ ಅಂತಲೂ ಕರೆಯುತ್ತಾರೆ. ಮೊಟ್ಟೆ, ಹಾಲು, ಬೆಣ್ಣೆಗೆ ಬರ ಇದ್ದ 1930ರ ದಶಕದ ಆರ್ಥಿಕ ಕುಸಿತದ (ಗ್ರೇಟ್ ಡಿಪ್ರೆಷನ್) ಕಾಲದಲ್ಲಿ ಅಮೆರಿಕದ ಗೃಹಿಣಿಯರ ಕೈ ಹಿಡಿದ ಅಡುಗೆ ಇದು. ಪ್ಯಾನ್‌ನಲ್ಲೇ ಮೂರು ಕಪ್ ಮೈದಾ, ಎರಡು ಕಪ್ ಸಕ್ಕರೆ, ಆರು ದೊಡ್ಡ ಚಮಚ ಕೋಕೋ, ಎರಡು ಸಣ್ಣ ಚಮಚ ಅಡುಗೆ ಸೋಡಾ, ಒಂದು ಸಣ್ಣ ಚಮಚ ಉಪ್ಪು ಬೆರೆಸಿ. ಮುಕ್ಕಾಲು ಕಪ್‌ಗೆ ಸ್ವಲ್ಪ ಕಡಿಮೆ ಎಣ್ಣೆ, ಎರಡು ದೊಡ್ಡ ಚಮಚ ವಿನೆಗರ್, ಎರಡು ಸಣ್ಣ ಚಮಚ ವೆನಿಲಾ, ಎರಡು ಕಪ್ ನೀರು ಹಾಕಿ ಮೂಲೆಗಳನ್ನೂ ಬಿಡದೆ ಕಲಸಿ. ವಿನೆಗರ್ ಸೋಡಾಗೆ ತಾಗಿದ ಕೂಡಲೇ ಗುಳ್ಳೆ ಏಳಲು ಶುರು, ಆ ಗುಳ್ಳೆಯೇ ಕೇಕನ್ನು ಉಬ್ಬಿಸಬೇಕು. ಹಾಗಾಗಿ ಓವನ್ ಮೊದಲೇ ಕಾದಿರಲಿ, ಕಲಸಿಟ್ಟು ಫೋನಿಗೆ ಹೋಗಬೇಡಿ. 35 ರಿಂದ 40 ನಿಮಿಷ.

ರುಚಿಯಲ್ಲಿ ನೋಡಿದರೆ ಮೂರರಲ್ಲಿ ಇದೇ ಮೇಲು. ಕೋಕೋದ ಕಹಿ ಉಳಿದಿರುತ್ತದೆ, ಸಿಹಿ ನಮ್ಮ ಕೈಯಲ್ಲಿರುತ್ತದೆ. ಡಬ್ಬದ ಮಿಕ್ಸ್, ಪುಡ್ಡಿಂಗ್, ಚಿಪ್ಸ್ ಮೂರೂ ಸೇರಿದಾಗ ಬರೋ ಆ ವಿಪರೀತ ಸಿಹಿ ಇದರಲ್ಲಿಲ್ಲ. ಆದರೆ ಡಂಪ್ ಕೇಕ್ ಬೇಕು ಅಂದವರಿಗೆ ಬೇಕಾದ ಆ ಒದ್ದೆ, ಚಮಚದಲ್ಲಿ ತೋಡಿ ತಿನ್ನೋ ಗುಣವೂ ಇಲ್ಲ. ಇದು ನೆಟ್ಟಗೆ ತುಂಡಾಗುವ ಕೇಕ್. ಬಿಸಿಬಿಸಿ ಬಟ್ಟಲಿಗೆ ಹಾಕಿ ವೆನಿಲಾ ಐಸ್‌ಕ್ರೀಮ್ ಜೊತೆ ಕೊಡಬೇಕು ಅಂದರೆ ಪುಡ್ಡಿಂಗ್ ಕೇಕ್‌ಗೆ ಸಮ ಇಲ್ಲ.

ಪೀನಟ್ ಬಟರ್ ಹಾಕೋ ರೀತಿಯೂ ಎರಡಕ್ಕೂ ಬೇರೆ. ಹಿಟ್ಟಿನಲ್ಲೇ ಪೂರ್ತಿ ಕಲಸಿಬಿಟ್ಟರೆ ಚಾಕೊಲೇಟೂ ಮಂಕಾಗುತ್ತದೆ, ಕಡಲೆಕಾಯಿಯೂ ಗೊತ್ತಾಗುವುದಿಲ್ಲ, ಕೇಕೂ ಭಾರ. ಮುಕ್ಕಾಲು ಕಪ್‌ನಷ್ಟನ್ನು ಮೈಕ್ರೋವೇವ್‌ನಲ್ಲಿ ಅರ್ಧ ನಿಮಿಷ ಬಿಸಿ ಮಾಡಿ. ಚಮಚದಿಂದ ಧಾರೆಯಾಗಿ ಇಳಿಯುವಂತಾದಾಗ ಪುಡ್ಡಿಂಗ್ ಹಿಟ್ಟಿನ ಮೇಲೆ ಉದ್ದಕ್ಕೆ ಗೆರೆ ಎಳೆದು, ಚಾಕುವಿನ ತುದಿಯಿಂದ ಅಡ್ಡಡ್ಡ ಒಮ್ಮೆ ಎಳೆದು ಬಿಡಿ. ಹಿಟ್ಟು ಗಟ್ಟಿ ಇರೋದರಿಂದ ಗೆರೆ ಮೇಲೆಯೇ ನಿಲ್ಲುತ್ತದೆ. ವ್ಯಾಕಿ ಕೇಕ್ ಹಿಟ್ಟು ತೆಳು, ಅದರಲ್ಲಿ ಇದೇ ಕೆಲಸ ಮಾಡಿದರೆ ಎಲ್ಲ ತಳಕ್ಕೆ ಹೋಗಿ ಅಂಟುತ್ತದೆ. ಅದಕ್ಕೆ ಓವನ್‌ನಿಂದ ತೆಗೆದ ಮೇಲೆ, ಕೇಕ್ ಬಿಸಿ ಇರುವಾಗಲೇ, ಮೇಲೆ ಪೀನಟ್ ಬಟರ್ ಸುರಿದು ಹರಡಿ, ಅದರ ಮೇಲೆ ಹುರಿದ ಕಡಲೆಕಾಯಿ ತರಿ ಉದುರಿಸಿ.

ಯಾವ ಪೀನಟ್ ಬಟರ್? ಜಿಫ್, ಸ್ಕಿಪ್ಪಿ ತರಹದ, ಎಣ್ಣೆ ಬೇರೆಯಾಗದ ಮಾಮೂಲಿ ಡಬ್ಬವೇ ಓವನ್ ಒಳಗೆ ಹೋಗೋ ಕೇಕ್‌ಗೆ ಒಳ್ಳೆಯದು. ಅದರಲ್ಲಿರೋ ಹೈಡ್ರೋಜನೀಕರಿಸಿದ ಕೊಬ್ಬು ಬಿಸಿಯಲ್ಲೂ ಅದನ್ನು ಹಿಡಿದಿಡುತ್ತದೆ. ಬರೀ ಕಡಲೆಕಾಯಿ, ಉಪ್ಪು ಇರೋದು ಅಥವಾ ಮನೆಯ ಮಿಕ್ಸಿಯಲ್ಲಿ ರುಬ್ಬಿದ್ದು ರುಚಿಯಲ್ಲಿ ಎಷ್ಟೋ ಮೇಲು, ಆದರೆ ಓವನ್‌ನಲ್ಲಿ ಎಣ್ಣೆ ಬಿಟ್ಟು ತರಿತರಿಯಾಗುತ್ತದೆ. ಅದನ್ನು ವ್ಯಾಕಿ ಕೇಕ್ ಮೇಲೆ ಹರಡಲು ಇಟ್ಟುಕೊಳ್ಳಿ, ಅಲ್ಲಿ ಅದರ ಘಮ ಪೂರ್ತಿ ಸಿಗುತ್ತದೆ. ಪೀನಟ್ ಬಟರ್ ಚಿಪ್ಸ್ ನನಗೆ ಬೇಡ, ಬಾಯಲ್ಲಿ ಮೇಣದ ಹಾಗೆ ಉಳಿಯುತ್ತದೆ. ಒಳಗೆ ಪೀನಟ್ ಬಟರ್ ತುಂಬಿದ ಚಾಕೊಲೇಟುಗಳಾದ ಸಣ್ಣ ಪೀನಟ್ ಬಟರ್ ಕಪ್‌ಗಳನ್ನು ಮಾತ್ರ ಕತ್ತರಿಸಿ, ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಕೊನೆಗೆ ಮೇಲಿಟ್ಟರೆ ಚೆನ್ನ.

ಪುಡ್ಡಿಂಗ್ ಕೇಕ್ ಬೆಂದಿದೆಯೋ ಇಲ್ಲವೋ ಅಂತ ಟೂತ್‌ಪಿಕ್ ಚುಚ್ಚಿ ನೋಡೋದರಲ್ಲಿ ಅರ್ಥವಿಲ್ಲ, ಕರಗಿದ ಚಿಪ್ಸ್‌ಗೆ ತಾಗಿ ಯಾವಾಗಲೂ ಅಂಟಿಕೊಂಡೇ ಬರುತ್ತದೆ. ಅಂಚು ಪ್ಯಾನ್‌ನಿಂದ ಬಿಟ್ಟಿರಬೇಕು, ಅಲ್ಲಾಡಿಸಿದರೆ ನಡುಭಾಗ ತುಳುಕಬಾರದು. ತೆಗೆದ ಮೇಲೆ ಕಾಲು ಗಂಟೆ ಮುಟ್ಟಬೇಡಿ.

ಮರುದಿನಕ್ಕೆ ಉಳಿದರೆ ಮತ್ತೆ ಲೆಕ್ಕ ಬದಲಾಗುತ್ತದೆ. ವ್ಯಾಕಿ ಕೇಕ್ ಎಣ್ಣೆಯದು, ಹೊರಗಿಟ್ಟರೂ ಮೆತ್ತಗಿರುತ್ತದೆ. ಪುಡ್ಡಿಂಗ್‌ದನ್ನು ಫ್ರಿಜ್‌ನಲ್ಲಿಟ್ಟರೆ ಫಡ್ಜ್ ತರಹ ಬಿಗಿಯುತ್ತದೆ, ನಮ್ಮ ಮನೆಯಲ್ಲಿ ಕೆಲವರಿಗೆ ಬಿಸಿಗಿಂತ ಅದೇ ಇಷ್ಟ. ಬೆಣ್ಣೆ ಸುರಿದದ್ದು ಮಾತ್ರ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಕನ್ನಡ ಕೂಟದ ಊಟಕ್ಕೆ ಒಯ್ಯೋದಾದರೆ ನನ್ನ ಆಯ್ಕೆ ಪುಡ್ಡಿಂಗ್ ಕೇಕ್. ಮೊಟ್ಟೆ ತಿನ್ನದವರು ಅಲ್ಲಿ ಬೇಕಾದಷ್ಟು ಜನ, ಅವರಿಗೂ ಸಲ್ಲುತ್ತದೆ. ಅಲ್ಯೂಮಿನಿಯಂ ಟ್ರೇಯಲ್ಲಿ ಮಾಡಿದರೆ ಕೆಳಗೆ ಒಂದು ಬೇಕಿಂಗ್ ಶೀಟ್ ಇಡಿ, ಬಿಸಿ ಟ್ರೇ ಎತ್ತುವಾಗ ನಡುವೆ ಬಾಗುತ್ತದೆ. ಪಕ್ಕದಲ್ಲಿ ‘ಇದರಲ್ಲಿ ಕಡಲೆಕಾಯಿ ಇದೆ’ ಅಂತ ದೊಡ್ಡದಾಗಿ ಬರೆದ ಚೀಟಿ ಇರಲೇಬೇಕು, ಕಂದು ಬಣ್ಣದ ಕೇಕ್ ನೋಡಿ ಯಾರಿಗೂ ಗೊತ್ತಾಗುವುದಿಲ್ಲ, ಅಲರ್ಜಿ ಇರೋ ಮಗುವಿಗೆ ಒಂದು ತುತ್ತೂ ಅಪಾಯ. ಮಕ್ಕಳೇ ಜಾಸ್ತಿ ಇರೋ ಕಡೆ ನಾನು ಸೂರ್ಯಕಾಂತಿ ಬೀಜದ ಬಟರ್ ಹಾಕುತ್ತೇನೆ. ಸೋಡಾ ತಾಗಿದ ಕಡೆ ಅದು ಹಸಿರು ತಿರುಗಬಹುದು. ಹೆದರಬೇಡಿ, ಬೀಜದಲ್ಲಿರೋ ಕ್ಲೋರೋಜೆನಿಕ್ ಆಮ್ಲ ಸೋಡಾ ಜೊತೆ ಸೇರಿ ಆಗೋ ಬಣ್ಣ ಅದು, ಕೆಟ್ಟಿರುವುದಲ್ಲ, ತಿನ್ನಬಹುದು.