ನೀವು ಸೆಲೆಕ್ಟ್ ಆಗಿದ್ದೀರಿ ಎಂದು ಮೆಸೇಜ್ ಬಂದರೆ ದಯವಿಟ್ಟು ದುಡ್ಡು ಕಳಿಸಬೇಡಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ, ಯಾಕಂದರೆ ಅದೇ ಮೆಸೇಜ್ ಹೋದ ವಾರ ನನ್ನ ಹಳೇ ವಿದ್ಯಾರ್ಥಿನಿಗೂ ಬಂದಿದೆ.

ನಾನು ಗದಗ ಕಡೆಯ ಹೈಸ್ಕೂಲ್ ಡ್ರಾಯಿಂಗ್ ಮಾಸ್ತರ. ರಾತ್ರಿ ಪೇಂಟಿಂಗ್ ಮಾಡಿ ಇನ್‌ಸ್ಟಾಗ್ರಾಂಗೆ ಹಾಕುತ್ತೇನೆ, ಹೆಚ್ಚಂದ್ರೆ 40 ಲೈಕು. ಒಂದಿನ ಮುಂಬೈಯಿಂದ ಕ್ಯುರೇಟರ್, ಅಂದರೆ ಶೋಗೆ ಚಿತ್ರ ಆರಿಸುವವನು, ಅಂತ ಒಬ್ಬ ಬರೆದ. ಆರ್ಟ್ ಗ್ಯಾಲರಿಗಳಿಗೆ ಹೆಸರಾದ ಕಾಲಾ ಘೋಡಾ ಹತ್ತಿರ ಅಂತಾರಾಷ್ಟ್ರೀಯ ಗ್ರೂಪ್ ಶೋ ಇದೆ, ನಿಮ್ಮ 3 ಪೇಂಟಿಂಗ್ ಆಯ್ಕೆಯಾಗಿವೆ, ನಿಮ್ಮ ಕೆಂಪಿನಲ್ಲಿ ಒಂದು ನೋವಿದೆ ಸರ್, ಅಂದ. 22 ವರ್ಷದಲ್ಲಿ ನನ್ನ ಕೆಂಪಿನ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ಅಲ್ಲೇ ಬಿದ್ದೆ.

ಮಾರನೇ ದಿನ ಪಾರ್ಟಿಸಿಪೇಶನ್ ಫೀ 24,000 ಅಂದ. ಗ್ಯಾಲರಿಯವರು ಪೇಂಟಿಂಗ್ ಮಾರಾಟವಾದ ಮೇಲೆ ಕಮಿಷನ್ ಹಿಡಿಯುತ್ತಾರೆ, ನೂರಕ್ಕೆ 30, ಎಷ್ಟೋ ಕಡೆ 50. ಮೊದಲೇ ಕೇಳುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು! ನಾವೇ ಹಾಲ್ ಬಾಡಿಗೆಗೆ ಹಿಡಿದು ಶೋ ಮಾಡುವುದು ಬೇರೆ, ಬೆಂಗಳೂರಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಬದಿ ಕೂತು ನಾವೇ ಮಾರುವುದು ಬೇರೆ, ಆಯ್ಕೆಯಾಗಿದ್ದೀರಿ ಅಂತ ಹೊಗಳಿ ದುಡ್ಡು ಕೇಳುವುದೇ ಬೇರೆ. ಎಲ್ಲಾ ಗೊತ್ತಿದ್ದೂ ಸೊಸೈಟಿಯಲ್ಲಿ ಸಾಲ ತೆಗೆದೆ. ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದೆ. ಹೆಡ್‌ಮಾಸ್ತರರು ಪ್ರಾರ್ಥನೆ ಹೊತ್ತಿನಲ್ಲಿ ಶಾಲು ಹೊದಿಸಿದರು. ಆ ಶಾಲು ಈಗ ಕಣ್ಣಿಗೆ ಬಿದ್ದರೆ ಮೈ ಉರಿಯುತ್ತದೆ.

ಶೋಗೆ 4 ದಿನ ಇದ್ದಾಗ ಜಾಗ ಬದಲಾಯಿತು. ಕಾಲಾ ಘೋಡಾ ಅಲ್ಲ, ಅಂಧೇರಿಯ ಹೋಟೆಲೊಂದರ ಮದುವೆ ಹಾಲ್. ಗೋಡೆ ತುಂಬ ಪೇಂಟಿಂಗ್, ಉಸಿರಾಡಲು ಜಾಗವಿಲ್ಲ. ನೋಡಲು ಬಂದವರ ಕೊರಳಲ್ಲೂ ನನ್ನಂಥದೇ ಬ್ಯಾಡ್ಜ್! ನಾಗಪುರದ ಒಬ್ಬಾಕೆ ಬಂದು, ನಿಮ್ಮದು ಎಷ್ಟು ಅಂತ ಕೇಳಿದರು. ನಾನು ಖುಷಿಯಾಗಿ 35,000 ಅಂದೆ. ಪೇಂಟಿಂಗ್ ರೇಟಲ್ಲ ಸರ್, ಫೀ ಎಷ್ಟು ಕಟ್ಟಿದಿರಿ ಅಂದರು. ಅವರು 12,000 ಕಟ್ಟಿದ್ದರು. ಅವರ ನೀಲಿಯಲ್ಲೂ ನೋವಿತ್ತಂತೆ.

ಇಬ್ಬರೂ ನಕ್ಕೆವು. ಆಮೇಲೆ ನಾನು ಬಾತ್‌ರೂಮಿಗೆ ಹೋಗಿ ಸುಮ್ನೆ ನಿಂತೆ.

ಒಂದೂ ಮಾರಾಟವಾಗಲಿಲ್ಲ. ಕೇಳಿದ್ದಕ್ಕೆ ಆತನ ಉತ್ತರ: "ಎಕ್ಸ್‌ಪೋಷರ್‌ಗೆ ಬೆಲೆ ಕಟ್ಟೋಕಾಗುತ್ತಾ ಸರ್?" ದುಡ್ಡು ವಾಪಸ್ ಕೊಡಿ ಅಂದರೆ, "ನಿಮ್ಮಂಥ ಕಲಾವಿದರ ಬಾಯಲ್ಲಿ ದುಡ್ಡಿನ ಮಾತಾ?" ಪೇಂಟಿಂಗ್ ವಾಪಸ್ ಕಳಿಸಿ ಅಂದರೆ ಹ್ಯಾಂಡ್ಲಿಂಗ್ ಚಾರ್ಜ್ 6,500. ಅದನ್ನೂ ಕಟ್ಟಿದೆ. ಹೌದು, ಅದನ್ನೂ ಕಟ್ಟಿದೆ. ಎರಡು ಬಂದವು, ಒಂದಕ್ಕೆ ಮೂಲೆಯಲ್ಲಿ ತೂತು. ಮೂರನೆಯದು ಇನ್ನೂ ಬಂದಿಲ್ಲ. ಫೋನ್ ಮಾಡಿದರೆ ದುಬೈ ಶೋಗೂ ನೀವು ಸೆಲೆಕ್ಟ್ ಆಗಿದ್ದೀರಿ ಅನ್ನುತ್ತಾನೆ!

ಯಾರಾದರೂ ಆಯ್ಕೆ ಅಂದರೆ ಹಾಲ್ ಬುಕ್ ಆಗಿದೆಯಾ ಅಂತ ಆ ಹಾಲಿನವರನ್ನೇ ಕೇಳಿ. ಹಿಂದಿನ ಶೋದಲ್ಲಿದ್ದ ಇಬ್ಬರಿಗೆ ಫೋನ್ ಮಾಡಿ. ಪೇಂಟಿಂಗ್ ಕೈಬಿಡುವ ಮೊದಲು ವಾಪಸ್ ಯಾವಾಗ, ಯಾರ ಖರ್ಚು ಅಂತ ಬರೆಸಿಕೊಳ್ಳಿ. ನಾನು ಸಹಿ ಮಾಡಿದ ಫಾರ್ಮಿನಲ್ಲಿ ಚಿತ್ರ ಬಳಸಲು ಒಪ್ಪಿಗೆ ಅಂತ ಸಣ್ಣಕ್ಷರದಲ್ಲಿತ್ತು, ಓದಲಿಲ್ಲ. ಹಕ್ಕು ಬರೆದುಕೊಟ್ಟರೂ ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದನಿಗೆ ಇದ್ದೇ ಇರುತ್ತದೆ, 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್. ಇದು ತಿಳಿದದ್ದು ಈಗ.

ಈಗಲೇ ಯಾಕೆ ಅಂದರೆ, ಆ ಹಳೇ ವಿದ್ಯಾರ್ಥಿನಿ ಇದೇ ಕ್ಯುರೇಟರ್‌ನ ಮುಂದಿನ ಶೋದ ಪೋಸ್ಟರ್ ಕಳಿಸಿದ್ದಳು. ಅದರಲ್ಲಿ ನನ್ನ ಮೂರನೇ ಪೇಂಟಿಂಗ್ ಇತ್ತು, ಅದೇ ಕೆಂಪು. ಹೆಸರಿಲ್ಲ. ಕೆಳಗೆ ಅವಳು ಬರೆದಿದ್ದಳು: "ಸರ್, ಇದು ನಿಮ್ಮದಲ್ವಾ? ಹಾಗಿದ್ರೆ ನಂಬಬಹುದು ಬಿಡಿ, ನಾನೂ ಫೀ ಕಟ್ಟಿಬಿಡ್ಲಾ?"