ಸೇನಾಧಿಕಾರಿಗಳಿಗೆ ಕಾರ್ಪೊರೇಟ್ ಶಿಷ್ಟಾಚಾರ: ಊಟದ ಪಾಠ ಜಾಸ್ತಿ, ಮಾತಿನ ಪಾಠ ಕಡಿಮೆ

ನಿವೃತ್ತಿಯ ಹೊಸ್ತಿಲಲ್ಲಿರುವ ಸೇನಾಧಿಕಾರಿಗಳಿಗೆಂದು ಬೆಂಗಳೂರಿನಲ್ಲಿ ನಡೆಯುವ ಈ ಖಾಸಗಿ ತರಬೇತಿಯ ಅರ್ಧ ಹೊತ್ತು ಚಾಕು-ಫೋರ್ಕಿಗೇ ಹೋಗುತ್ತದೆ. ಅಧಿಕಾರಿಗಳ ಮೆಸ್‌ನಲ್ಲಿ ವರ್ಷಗಟ್ಟಲೆ ಡಿನ್ನರ್ ನೈಟ್ (ಶಿಷ್ಟಾಚಾರದ ಔತಣಕೂಟ) ಮುಗಿಸಿದವರಿಗೆ ಹೊರಗಿನ ಫೋರ್ಕಿನಿಂದ ಶುರುಮಾಡಿ ಎಂದು ಹೇಳಿಕೊಡಬೇಕೆ?

ರೆಸ್ಯೂಮೆ ಪಾಠ ಮಾತ್ರ ಕೊಟ್ಟ ಕಾಸಿಗೆ ತಕ್ಕದ್ದು. ‘ಕಂಪನಿ ಕಮಾಂಡರ್’ ಎಂದರೆ ಎಚ್‌ಆರ್‌ನವರಿಗೆ ತಲೆಬುಡ ತಿಳಿಯದು; ‘ಸುಮಾರು 120 ಜನರ ತಂಡದ ತರಬೇತಿ, ಶಿಸ್ತು, ಸಾಮಗ್ರಿಯ ಹೊಣೆ’ ಎಂದು ಬಿಡಿಸಿ ಬರೆಸುತ್ತಾರೆ. ಅಣಕು ಸಂದರ್ಶನದಲ್ಲಿ ಎಡವುವುದು ಎರಡು ಕಡೆ: ಮಾತುಮಾತಿಗೂ ‘ಸರ್’, ಮತ್ತು ‘ನಾನು ಮಾಡಿದೆ’ ಅನ್ನಬೇಕಾದಲ್ಲಿ ‘ಯೂನಿಟ್ ಮಾಡಿತು’. ಎರಡನೆಯದನ್ನು ತಿದ್ದುವುದು ಕಷ್ಟ, ಸೇನೆ ಕಲಿಸಿದ್ದೇ ಅದನ್ನಲ್ಲವೇ!

ವಯಸ್ಸಿನಲ್ಲಿ ಕಿರಿಯ ಮ್ಯಾನೇಜರ್ ಹೆಸರು ಹಿಡಿದು ಕರೆದಾಗ ಹೇಗೆ ನಡೆದುಕೊಳ್ಳಬೇಕೆಂಬುದು ಹಾಗೇ ತೇಲಿಹೋಗುತ್ತದೆ. ಸಂಬಳದ ಚೌಕಾಸಿಯಂತೂ ಪಠ್ಯದಲ್ಲೇ ಇಲ್ಲ. ಇಷ್ಟು ದಿನ ಪೇ ಲೆವೆಲ್ (ಸರ್ಕಾರ ಗೊತ್ತುಮಾಡಿದ ವೇತನ ಹಂತ) ಪ್ರಕಾರ ಸಂಬಳ ಎಣಿಸಿದವರಿಗೆ ಮೊದಲು ಬೇಕಾದದ್ದೇ ಅದು.